ಕೊಲಾರ್ಡ್ ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ

ನಿಮ್ಮ ಪತ್ರ ಓದಿದೆ. ಗಂಡ ಹೆಂಡತಿ ಸೌತ್ ಕ್ಯಾರೊಲಿನಾದ ಕೊಲಂಬಿಯಾಕ್ಕೆ ಬಂದು ಕೆಲವೇ ತಿಂಗಳಾಗಿದೆ. ಹೊಸ ವರ್ಷದ ದಿನ ಪಕ್ಕದ ಮನೆಯ ಆಫ್ರಿಕನ್ ಅಮೆರಿಕನ್ ಅಜ್ಜಿ ಒಂದು ಡಬ್ಬಿ ಬೇಯಿಸಿದ ಸೊಪ್ಪು, ಇನ್ನೊಂದು ಡಬ್ಬಿ ಅಲಸಂದೆ ಕಾಳಿನ ಅನ್ನ ಕೊಟ್ಟು ಹೋದರು ಅಂತ ಬರೆದಿದ್ದೀರಿ. ಸೊಪ್ಪಿಗೆ ಹೊಗೆಯ ವಾಸನೆ ಇತ್ತು. ನಿಮಗೆ ಹಿಡಿಸಿತು, ಮಾಂಸ ತಿನ್ನದ ನಿಮ್ಮ ಹೆಂಡತಿ ಮುಟ್ಟಲಿಲ್ಲ. ಅದೇನು, ಮನೆಯಲ್ಲಿ ಮಾಡೋದು ಹೇಗೆ, ಇಲ್ಲಿಯ ಜನರ ಜೊತೆ ಹೊಂದಿಕೊಳ್ಳೋದು ಹೇಗೆ ಅಂತ ಮೂರನ್ನೂ ಒಟ್ಟಿಗೆ ಕೇಳಿದ್ದೀರಿ. ಅಕ್ಕ ಅಂತ ಕರೆದಿದ್ದೀರಿ, ಅಕ್ಕನ ಸಲುಗೆಯಲ್ಲೇ ಬರೆಯುತ್ತೇನೆ. ನಾನಿರುವುದು ಪಕ್ಕದ ಜಾರ್ಜಿಯಾದಲ್ಲಿ. ಸೊಪ್ಪಿನ ವಿಷಯದಲ್ಲಿ ನಿಮ್ಮೂರಿಗೂ ನಮ್ಮೂರಿಗೂ ಭೇದವಿಲ್ಲ.

ಅದು ಕೊಲಾರ್ಡ್ ಸೊಪ್ಪು. ಎಲೆಕೋಸು, ನವಿಲುಕೋಸಿನ ಬಳಗದ್ದೇ. ಆದರೆ ಇದು ಉಂಡೆ ಕಟ್ಟುವುದಿಲ್ಲ, ಗಡ್ಡೆ ಬಿಡುವುದಿಲ್ಲ. ದಪ್ಪನೆಯ ಅಗಲ ಎಲೆಗಳನ್ನು ಬಿಡುತ್ತಾ ಹೋಗುತ್ತದೆ, ಅಷ್ಟೆ. ಕಾಶ್ಮೀರದವರು ದಿನಾ ಉಣ್ಣುವ ಹಾಕ್ ಸೊಪ್ಪು ಇದಕ್ಕೆ ಬಹಳ ಹತ್ತಿರದ್ದು. ನಿಮ್ಮ ರಾಜ್ಯ 2011ರಲ್ಲಿ ಇದನ್ನು ತನ್ನ ಅಧಿಕೃತ ತರಕಾರಿ ಅಂತ ಘೋಷಿಸಿತು. ಕೊಲಂಬಿಯಾದ ಪಕ್ಕದ ಲೆಕ್ಸಿಂಗ್ಟನ್ ಕೌಂಟಿಯಲ್ಲಿ ಹೊಲಗಟ್ಟಲೆ ಬೆಳೆಯುತ್ತಾರೆ. ಹೊಸ ವರ್ಷದ ದಿನ ಈ ಸೊಪ್ಪು ತಿಂದರೆ ವರ್ಷವಿಡೀ ಕೈಯಲ್ಲಿ ಹಸಿರು ನೋಟು ಓಡಾಡುತ್ತದೆ, ಅಲಸಂದೆ ತಿಂದರೆ ಅದೃಷ್ಟ ಕೂಡಿಬರುತ್ತದೆ ಅನ್ನುವುದು ಇಲ್ಲಿಯ ನಂಬಿಕೆ. ಅಲಸಂದೆ ಅನ್ನಕ್ಕೆ ಹಾಪಿನ್ ಜಾನ್ ಅಂತಾರೆ. ಅಂದರೆ ಆ ಅಜ್ಜಿ ಉಳಿದ ಅಡುಗೆ ತಂದು ಕೊಟ್ಟಿದ್ದಲ್ಲ. ಹಬ್ಬದ ಎಡೆಯನ್ನೇ ನಿಮ್ಮ ಮನೆಗೂ ಕಳಿಸಿದರು.

ಡಬ್ಬಿಯ ತಳದಲ್ಲಿ ನೀರು ಇತ್ತಲ್ವಾ, ಅದನ್ನು ಸಿಂಕಿಗೆ ಸುರಿದಿಲ್ಲ ತಾನೆ? ಈ ಅಡುಗೆಯಲ್ಲಿ ಅರ್ಧ ರುಚಿ ಇರುವುದೇ ಆ ನೀರಿನಲ್ಲಿ. ಇಲ್ಲಿಯವರು ಪಾಟ್ ಲಿಕ್ಕರ್ ಅನ್ನುತ್ತಾರೆ, ಮದ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಮಂಡ್ಯ ಕಡೆಯವಳು. ಸೊಪ್ಪು ಬಸಿದ ನೀರಿನಲ್ಲಿ ಬಸ್ಸಾರು ಮಾಡಿಕೊಂಡು ಮುದ್ದೆ ಉಂಡು ಬೆಳೆದವಳು. ಹಾಗಾಗಿ ಮೊದಲ ಸಲ ಇಲ್ಲಿಯವರು ಆ ನೀರನ್ನು ಬಟ್ಟಲಿಗೆ ಹಾಕಿಕೊಂಡು ಕುಡಿಯುವುದನ್ನು ಕಂಡಾಗ ನನಗೆ ಏನೂ ಹೊಸದು ಅನಿಸಲಿಲ್ಲ. ನಾವು ಆ ನೀರಿಗೆ ಮಸಾಲೆ ರುಬ್ಬಿ ಹಾಕುತ್ತೇವೆ, ಇವರು ಹೊಗೆಯಲ್ಲಿಟ್ಟ ಮಾಂಸದ ರಸ ಇಳಿಸುತ್ತಾರೆ.

ಅದರ ಹಿಂದಿನ ಕಥೆ ತಿಳಿದುಕೊಂಡೇ ಉಣ್ಣಬೇಕು ಅನ್ನುವುದು ನನ್ನ ಅಭಿಪ್ರಾಯ. ಕೊಲಾರ್ಡ್ ಯುರೋಪಿನಿಂದ ಬಂದ ಸೊಪ್ಪು. ಆದರೆ ಸೊಪ್ಪನ್ನು ಹೀಗೆ ತಾಳ್ಮೆಯಿಂದ ಬೇಯಿಸಿ, ರಸವನ್ನೂ ಉಳಿಸಿಕೊಂಡು ಉಣ್ಣುವ ಪದ್ಧತಿ ಪಶ್ಚಿಮ ಆಫ್ರಿಕಾದ್ದು. ಗುಲಾಮರಾಗಿ ಹಿಡಿದು ತಂದವರ ಕೈಯಲ್ಲಿ ಅದು ಇಲ್ಲಿಗೆ ಬಂತು. ಹಂದಿಯ ಒಳ್ಳೆಯ ಮಾಂಸ ಮಾಲೀಕರಿಗೆ, ಕಾಲಿನ ಗೆಣ್ಣು, ಕುತ್ತಿಗೆ ಮೂಳೆ, ದವಡೆ ಇವರಿಗೆ. ಬೆಂದ ಸೊಪ್ಪು ಮಾಲೀಕರ ಮೇಜಿಗೆ ಹೋದರೆ ನೀರು ಅಡುಗೆಯವರ ಪಾಲಿಗೆ ಉಳಿಯುತ್ತಿತ್ತು. ಸೊಪ್ಪಿನ ಸತ್ವ ಬಹಳಷ್ಟು ಆ ನೀರಿಗೇ ಇಳಿದಿರುತ್ತಿತ್ತು. ಮಕ್ಕಳನ್ನು ಅದರಲ್ಲಿ ಸಾಕಿದರು. 1865ರಲ್ಲಿ ಗುಲಾಮಗಿರಿ ಕೊನೆಯಾಯಿತು. ಆಮೇಲೆ ದಕ್ಷಿಣ ಬಿಟ್ಟು ಶಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್ ಕಡೆ ವಲಸೆ ಹೋದ ಲಕ್ಷಾಂತರ ಜನ ಈ ಅಡುಗೆಯನ್ನು ಅಲ್ಲಿಗೂ ಕೊಂಡೊಯ್ದರು. ನಿಮ್ಮಲ್ಲಿಂದ ಚಾರ್ಲ್ಸ್‌ಟನ್ ಕಾರಿನಲ್ಲಿ ಎರಡು ಗಂಟೆಯ ದಾರಿ. ಗುಲಾಮರ ಹಡಗುಗಳು ಬಂದು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ ವಾರ್ಫ್‌ನಲ್ಲೇ 2023ರಲ್ಲಿ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೆರೆದಿದ್ದಾರೆ. ಬೀಚಿಗೆ ಅಂತ ಹೋದಾಗ ಅದನ್ನೂ ನೋಡಿ ಬನ್ನಿ. ಆಮೇಲೆ ಪಕ್ಕದ ಮನೆಯ ಆ ಡಬ್ಬಿಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಈ ನೀರಿಗಾಗಿ ರಾಜಕೀಯ ಜಗಳವೂ ಆಗಿದೆ. 1931ರಲ್ಲಿ ಲೂಸಿಯಾನಾದ ಗವರ್ನರ್ ಹ್ಯೂಯಿ ಲಾಂಗ್ ಕಾರ್ನ್‌ಬ್ರೆಡ್, ಅಂದರೆ ಮೆಕ್ಕೆಜೋಳದ ರೊಟ್ಟಿಯನ್ನು ಅದರಲ್ಲಿ ಅದ್ದಿ ತಿನ್ನಬೇಕು ಅಂದರು. ಅಟ್ಲಾಂಟಾದ ಪತ್ರಿಕೆಯ ಸಂಪಾದಕರು ಪುಡಿ ಮಾಡಿ ಹಾಕಿಕೊಂಡು ತಿನ್ನಬೇಕು ಅಂದರು. ವಾರಗಟ್ಟಲೆ ದೇಶದ ಪತ್ರಿಕೆಗಳಲ್ಲಿ ಇದೇ ಚರ್ಚೆ. ನಾನು ಪುಡಿ ಮಾಡುವವರ ಪಕ್ಷ.

ಇನ್ನು ಅಡುಗೆಗೆ ಬರೋಣ. ಸೊಪ್ಪನ್ನು ಚಳಿಗಾಲದಲ್ಲೇ ಕೊಳ್ಳಿ. ಮಂಜು ಬಿದ್ದ ಮೇಲೆ ಗಿಡ ಚಳಿಯಿಂದ ತನ್ನನ್ನು ಕಾಪಾಡಿಕೊಳ್ಳಲು ಎಲೆಯಲ್ಲಿ ಸಕ್ಕರೆ ಕೂಡಿಟ್ಟುಕೊಳ್ಳುತ್ತದೆ, ಕಹಿ ಕಡಿಮೆಯಾಗುತ್ತದೆ. ಬೇಸಿಗೆಯ ಕೊಲಾರ್ಡ್ ತಿಂದು ಇದು ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡಬೇಡಿ. ಹೆಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಟ್ಟಿದ್ದು ಸಿಗುತ್ತದೆ, ಅದು ಬೇಡ. ದಂಟಿನ ಚೂರೇ ಜಾಸ್ತಿ ಇರುತ್ತದೆ. ವೆಸ್ಟ್ ಕೊಲಂಬಿಯಾದಲ್ಲಿ ಸ್ಟೇಟ್ ಫಾರ್ಮರ್ಸ್ ಮಾರ್ಕೆಟ್ ಇದೆ, ಅಲ್ಲಿ ಕಟ್ಟು ಸೊಪ್ಪು ತನ್ನಿ. ಇಬ್ಬರಿಗೆ ಎರಡು ಕಟ್ಟು, ಸುಮಾರು 900 ಗ್ರಾಂ. ನೋಡಿದರೆ ಇಷ್ಟೊಂದು ಯಾರು ತಿನ್ನುತ್ತಾರೆ ಅನಿಸುತ್ತದೆ, ಬೆಂದ ಮೇಲೆ ಒಂದು ಬೋಗುಣಿಗೆ ಇಳಿಯುತ್ತದೆ.

ಮಾಂಸಕ್ಕೆ ಎರಡು ದಾರಿ. ಹಳೆಯ ಪದ್ಧತಿಯಲ್ಲಿ ಹ್ಯಾಮ್ ಹಾಕ್, ಅಂದರೆ ಉಪ್ಪು ಹಾಕಿ ಹೊಗೆಯಲ್ಲಿಟ್ಟ ಹಂದಿ ಕಾಲಿನ ಗೆಣ್ಣು. ಹಂದಿ ತಿನ್ನದವರು ಹೊಗೆಯಲ್ಲಿಟ್ಟ ಟರ್ಕಿ ಕೋಳಿಯ ಕಾಲು ಅಥವಾ ರೆಕ್ಕೆ ಹಾಕುತ್ತಾರೆ. ಈಗ ಇಲ್ಲಿಯ ಎಷ್ಟೋ ಮನೆಗಳಲ್ಲಿ ಟರ್ಕಿಯೇ ರೂಢಿ. ನೀವು ಕೋಳಿ, ಕುರಿ ಮಾತ್ರ ತಿನ್ನುವುದು ಅಂದಿದ್ದೀರಿ, ಟರ್ಕಿ ತನ್ನಿ. ಮಾಂಸದ ವಿಭಾಗದಲ್ಲಿ ಸ್ಮೋಕ್ಡ್ ಟರ್ಕಿ ಅಂತ ಕೇಳಿದರೆ ಸಿಗುತ್ತದೆ.

ಮೊದಲು ಮಾಂಸ. ದೊಡ್ಡ ಪಾತ್ರೆಗೆ ಎಂಟು ಕಪ್ ನೀರು, ಒಂದು ಟರ್ಕಿ ಕಾಲು, ದಪ್ಪಗೆ ಹೆಚ್ಚಿದ ಒಂದು ಈರುಳ್ಳಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಒಣಮೆಣಸಿನ ತರಿ ಹಾಕಿ. ಉಪ್ಪು ಈಗ ಬೇಡ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಒಂದರಿಂದ ಒಂದೂವರೆ ಗಂಟೆ ಬಿಡಿ. ನೀರು ಚಿನ್ನದ ಬಣ್ಣಕ್ಕೆ ತಿರುಗಬೇಕು, ಮಾಂಸ ಮೂಳೆ ಬಿಡಬೇಕು. ಸೊಪ್ಪು, ಮಾಂಸ ಎರಡನ್ನೂ ಒಟ್ಟಿಗೆ ಹಾಕಿದರೆ ಸೊಪ್ಪು ಬೆಂದು ಮುಗಿದಿರುತ್ತದೆ, ನೀರು ಮಾತ್ರ ಸಪ್ಪೆ.

ಅಷ್ಟರಲ್ಲಿ ಸೊಪ್ಪು ತೊಳೆಯಿರಿ. ಸಿಂಕ್ ತುಂಬ ನೀರು ಬಿಟ್ಟು ಎಲೆಗಳನ್ನು ಮುಳುಗಿಸಿ ಆಡಿಸಿ. ಸೊಪ್ಪನ್ನು ಮೇಲಕ್ಕೆ ಎತ್ತಿಕೊಂಡ ಮೇಲೇ ನೀರು ಬಿಡಬೇಕು. ಎಲೆಯ ಮೇಲೇ ನೀರು ಬಸಿದರೆ ಮರಳು ಮತ್ತೆ ಅಲ್ಲೇ ಕೂರುತ್ತದೆ. ಸಿಂಕಿನ ತಳಕ್ಕೆ ಬೆರಳು ಸವರಿ ನೋಡಿ, ಮರಳು ಸಿಕ್ಕರೆ ಇನ್ನೊಂದು ಸಲ. ಸಾಮಾನ್ಯವಾಗಿ ಮೂರು ನೀರು ಬೇಕು. ಆಮೇಲೆ ಒಂದು ಕೈಯಲ್ಲಿ ದಂಟಿನ ಬುಡ ಹಿಡಿದು ಇನ್ನೊಂದು ಕೈಯಲ್ಲಿ ಎಲೆಯನ್ನು ಕೆಳಗಿನಿಂದ ತುದಿಗೆ ಸರ್ ಅಂತ ಎಳೆಯಿರಿ, ದಂಟು ಬೇರೆಯಾಗುತ್ತದೆ. ಏಳೆಂಟು ಎಲೆ ಒಂದರ ಮೇಲೊಂದು ಜೋಡಿಸಿ, ಬಿಗಿಯಾಗಿ ಸುರುಳಿ ಸುತ್ತಿ, ಬೆರಳಗಲ ಹೆಚ್ಚಿ. ಎಳೆಯ ದಂಟನ್ನು ಸಣ್ಣಗೆ ಹೆಚ್ಚಿ ಮೊದಲೇ ಹಾಕಿದರೆ ಚೆನ್ನಾಗಿ ಬೇಯುತ್ತದೆ. ಬಲಿತಿದ್ದನ್ನು ಬಿಟ್ಟುಬಿಡಿ.

ಸೊಪ್ಪನ್ನು ಹಿಡಿ ಹಿಡಿಯಾಗಿ ಹಾಕಿ. ಒಂದು ಹಿಡಿ ಬಾಡಿ ಕೆಳಗಿಳಿದ ಮೇಲೆ ಇನ್ನೊಂದು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಣ್ಣ ಉರಿ. ಮಾಂಸವನ್ನು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿಕೊಂಡರೆ ನನ್ನ ತಕರಾರಿಲ್ಲ. ಸೊಪ್ಪು ಮಾತ್ರ ಪಾತ್ರೆಯಲ್ಲೇ ಬೇಯಲಿ, ಆಗಾಗ ಒಂದೆಳೆ ತೆಗೆದು ಬಾಯಿಗೆ ಹಾಕಿ ನೋಡಬಹುದು. ಎಲೆ ಬಾಯಲ್ಲಿ ಮೆತ್ತಗಿರಬೇಕು, ಕರಗಿ ಮುದ್ದೆಯಾಗಬಾರದು. ಬಣ್ಣ ಕಪ್ಪು ಹಸಿರಿಗೆ ತಿರುಗುತ್ತದೆ, ಹೆದರಬೇಡಿ, ಅದು ಹಾಗೇ ಇರಬೇಕು. ಟರ್ಕಿಯನ್ನು ಹೊರಗೆ ತೆಗೆದು ಮಾಂಸ ಬಿಡಿಸಿ ಮತ್ತೆ ಹಾಕಿ, ಚರ್ಮ, ಮೂಳೆ ಬಿಸಾಕಿ. ಟರ್ಕಿಯ ಕಾಲಿನಲ್ಲಿ ಸೂಜಿಯಂಥ ಉದ್ದನೆಯ ಮೂಳೆಗಳಿರುತ್ತವೆ, ಕೈಯಿಂದ ಮುಟ್ಟಿ ನೋಡಿ ತೆಗೆಯಿರಿ. ಕೊನೆಗೆ ಒಂದು ಚಮಚ ಆಪಲ್ ಸೈಡರ್ ವಿನೆಗರ್, ಚಿಟಿಕೆ ಸಕ್ಕರೆ. ರುಚಿ ನೋಡಿದ ಮೇಲೇ ಉಪ್ಪು. ಎಷ್ಟೋ ಸಲ ಹಾಕುವ ಅಗತ್ಯವೇ ಬರುವುದಿಲ್ಲ.

ಒಂದು ಮಾತು ಕೇಳಿ. ಮೊದಲ ಸಲ ಸಾಸಿವೆ ಒಗ್ಗರಣೆ, ಅರಿಶಿನ, ಸಾರಿನ ಪುಡಿ ಯಾವುದೂ ಬೇಡ. ಹೊಗೆ, ಸೊಪ್ಪಿನ ಸಣ್ಣ ಕಹಿ, ಹುಳಿ, ಈ ಮೂರೂ ಹೇಗೆ ಕೂಡುತ್ತವೆ ಅಂತ ನಾಲಿಗೆಗೆ ಗೊತ್ತಾಗಲಿ. ಖಾರ ಸಾಲದಿದ್ದರೆ ಇಲ್ಲಿಯವರು ಮಾಡುವ ಹಾಗೆ ಸಣ್ಣ ಹಸಿಮೆಣಸಿನಕಾಯಿಗಳನ್ನು ವಿನೆಗರ್ ಬಾಟಲಿಯಲ್ಲಿ ನೆನೆಹಾಕಿಟ್ಟು, ಊಟಕ್ಕೆ ಕೂತಾಗ ಮೇಲೆ ಚಿಮುಕಿಸಿಕೊಳ್ಳಿ. ಮಾರನೇ ದಿನಕ್ಕೆ ರುಚಿ ಇನ್ನೂ ಏರುತ್ತದೆ. ಆದರೆ ಊರಿನಲ್ಲಿ ಸಾರು ಕುದಿಸಿ ಒಲೆಯ ಮೇಲೇ ಬಿಡುವ ಹಾಗೆ ಇದನ್ನು ಬಿಡಬೇಡಿ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ.

ನಿಮ್ಮ ಹೆಂಡತಿಗೆ ಇದನ್ನು ತಪ್ಪದೆ ಹೇಳಿ. ಇಲ್ಲಿಯ ಹೋಟೆಲುಗಳಲ್ಲಿ ಸೊಪ್ಪು ತರಕಾರಿಯ ಪಟ್ಟಿಯಲ್ಲೇ ಇರುತ್ತದೆ, ಆದರೂ ಅದರಲ್ಲಿ ಮಾಂಸ ಇರುತ್ತದೆ. ಹುರುಳಿಕಾಯಿ, ಕಾಳು, ಎಲೆಕೋಸಿನ ಪಲ್ಯದಲ್ಲೂ ಹಂದಿ ಕೊಬ್ಬು ಇರಬಹುದು. ಮೆಕ್ಕೆಜೋಳದ ರೊಟ್ಟಿಗೂ ಕೆಲವರು ಅದನ್ನೇ ಸವರುತ್ತಾರೆ. ಮಾಂಸ ಇದೆಯಾ ಅಂತ ಕೇಳಿದರೆ ಸಾಲದು, ತುಂಡು ಕಾಣದಿದ್ದರೆ ಇಲ್ಲ ಅಂದುಬಿಡುತ್ತಾರೆ. ಹಂದಿ, ಟರ್ಕಿ, ಕೋಳಿ ಬೇಯಿಸಿದ ನೀರು ಹಾಕಿದ್ದೀರಾ ಅಂತ ಬಿಡಿಸಿ ಕೇಳಬೇಕು. ಶ್ರಾವಣದಲ್ಲಿ, ಶನಿವಾರ ಸೋಮವಾರ ಬಿಡುವವರಿಗೂ ಈ ಮಾತು ಅನ್ವಯ. ಮನೆಯಲ್ಲಿ ಅವರಿಗೆ ಬೇರೆ ಪಾತ್ರೆಯಲ್ಲಿ ಮಾಡಿ. ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಒಣ ಅಣಬೆ ನೆನೆಸಿದ ನೀರು, ಒಂದು ಚಮಚ ಸ್ಮೋಕ್ಡ್ ಪ್ಯಾಪ್ರಿಕಾ, ಅಂದರೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ ಹಾಕಿ ಹಾಗೇ ಬೇಯಿಸಿ. ಹೊಗೆಯ ರುಚಿ ಸಾಕಷ್ಟು ಬರುತ್ತದೆ.

ನಿಮ್ಮ ಅಪ್ಪ ಅಮ್ಮ ಬೇಸಿಗೆಗೆ ಬರುತ್ತಾರೆ ಅಂದಿದ್ದೀರಿ. ಯಾರಾದರೂ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಈ ಸೊಪ್ಪು ಬಡಿಸಬೇಡಿ. ಇದರಲ್ಲಿ ವಿಟಮಿನ್ ಕೆ ಬಹಳ, ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಬಿಪಿ ಇದ್ದವರಿಗೆ ಆ ಮಾಂಸದ ಉಪ್ಪೂ ಜಾಸ್ತಿಯೇ.

ಜನರ ಜೊತೆ ಹೊಂದಿಕೊಳ್ಳುವ ಬಗ್ಗೆ. ಇಲ್ಲಿ ನಮ್ಮವರು ಅಂತ ಯಾರೂ ಇಲ್ಲ ಅಂದಿದ್ದೀರಿ. ಆ ಮಾತು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಬಂದವರ ಮನೆಗೆ ಊಟ ಕೊಡುವುದು, ಸಾವಾದ ಮನೆಗೆ ಪಾತ್ರೆ ತುಂಬಿಸಿಕೊಂಡು ಹೋಗುವುದು ಇಲ್ಲಿ ಇನ್ನೂ ಬಲವಾಗಿದೆ. ಅಜ್ಜಿಯನ್ನು ಬರೀ ಹೆಸರು ಹಿಡಿದು ಕರೆಯಬೇಡಿ. ಹೆಸರಿಗೆ ಮೊದಲು ಮಿಸ್ ಸೇರಿಸಿ, ಮಾತಿಗೆ ಯೆಸ್ ಮ್ಯಾಮ್ ಅನ್ನಿ. ಈ ಕಡೆ ಹಿರಿಯರಿಗೆ ಕೊಡುವ ಮರ್ಯಾದೆ ಅದು, ಆಫೀಸಿನ ರೀತಿ ಇಲ್ಲಿ ನಡೆಯುವುದಿಲ್ಲ. ಡಬ್ಬಿ ಖಾಲಿ ವಾಪಸ್ ಕೊಡಬೇಡಿ ಅಂತ ನಿಮಗೆ ಹೇಳಬೇಕಾಗಿಲ್ಲ. ಖಾರ ಕಡಿಮೆ ಮಾಡಿ ನಿಂಬೆಹಣ್ಣಿನ ಚಿತ್ರಾನ್ನ ಕೊಡಿ. ಕಡಲೆಕಾಯಿ ಬೀಜ ಆಗುತ್ತದಾ ಅಂತ ಮೊದಲು ಕೇಳಿಕೊಳ್ಳಿ. ಆಗುವುದಾದರೆ ಮಾತಿಗೆ ಅದೇ ಸಾಕು, ಏಕೆಂದರೆ ನಿಮ್ಮ ರಾಜ್ಯದವರಿಗೆ ಬೇಯಿಸಿದ ಕಡಲೆಕಾಯಿ ಅಂದರೆ ಪ್ರಾಣ. 2006ರಲ್ಲಿ ಅದನ್ನೇ ರಾಜ್ಯದ ತಿಂಡಿ ಅಂತ ಮಾಡಿಕೊಂಡರು. ರಸ್ತೆ ಬದಿಯಲ್ಲಿ ಬಿಸಿ ಬಿಸಿ ಮಾರುತ್ತಾರೆ, ಕೊಂಡು ತಿನ್ನಿ.

ನಿಮ್ಮ ಹೆಂಡತಿ ತಿನ್ನಲಿಲ್ಲ ಅನ್ನುವುದನ್ನು ಮುಚ್ಚಿಡಬೇಡಿ. ಅವಳು ಮಾಂಸ ತಿನ್ನುವುದಿಲ್ಲ ಅಂತ ನೇರವಾಗಿ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮುಂದಿನ ಸಲ ಅವಳ ಪಾಲಿಗೆ ಬೇರೆ ಏನಾದರೂ ಬರುತ್ತದೆ. ಜೊತೆಗೆ ಆ ಅಜ್ಜಿಯ ಅಡುಗೆ ವಿಧಾನ ಕೇಳಿ. ಹಂದಿಯೋ ಟರ್ಕಿಯೋ, ಸಕ್ಕರೆ ಹಾಕುತ್ತಾರಾ, ಎಷ್ಟು ಹೊತ್ತು ಬೇಯಿಸುತ್ತಾರೆ. ನಾನು ಬರೆದಿದ್ದಕ್ಕೂ ಅವರು ಹೇಳುವುದಕ್ಕೂ ಖಂಡಿತ ವ್ಯತ್ಯಾಸ ಇರುತ್ತದೆ. ಆಗ ಅವರು ಹೇಳಿದ ಹಾಗೇ ಮಾಡಿ.

ಬಾಲ್ಕನಿಯಲ್ಲಿ ಬಿಸಿಲು ಬರುವುದಾದರೆ ಆಗಸ್ಟ್ ಕೊನೆಗೆ ದೊಡ್ಡ ಕುಂಡದಲ್ಲಿ ಎರಡು ಬೀಜ ಹಾಕಿ. ಜಾರ್ಜಿಯಾ ಅಥವಾ ವೇಟ್ಸ್ ತಳಿ ಸುಲಭವಾಗಿ ಬರುತ್ತದೆ. ಕೆಳಗಿನ ಎಲೆಗಳನ್ನಷ್ಟೇ ಕಿತ್ತುಕೊಳ್ಳುತ್ತಾ ಹೋದರೆ ಚಳಿಗಾಲ ಪೂರ್ತಿ ಸೊಪ್ಪು ಕೊಡುತ್ತದೆ. ಹಸಿರು ಹುಳು ಬೀಳುತ್ತದೆ, ಎಲೆಯ ಹಿಂಬದಿ ದಿನಾ ನೋಡುತ್ತಿರಿ.