ನೋಡಿ ಕಲಿಯುವವರು, ಕೇಳಿ ಕಲಿಯುವವರು: ಈ ವಿಂಗಡಣೆ ತರಗತಿಗೆ ಬೇಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಶಿಕ್ಷಣ ವಿಭಾಗ

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಏಳನೇ ತರಗತಿಗೆ ಗಣಿತ ಬೋಧಿಸುತ್ತೇನೆ. ಈಚೆಗೆ ಒಂದು ಕಾರ್ಯಾಗಾರದಲ್ಲಿ, ಮಕ್ಕಳಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂಬ ಮೂರು ಬಗೆಯವರಿದ್ದಾರೆ, ಪ್ರಶ್ನಾವಳಿ ಕೊಟ್ಟು ಅವರನ್ನು ಗುರುತಿಸಿ ಒಂದೊಂದು ಗುಂಪಿಗೆ ಅದರದೇ ರೀತಿಯಲ್ಲಿ ಪಾಠ ಮಾಡಬೇಕು ಎಂದು ತಿಳಿಸಿದರು. ನನ್ನ ತರಗತಿಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳಿದ್ದಾರೆ. ಒಂದೇ ಪಾಠವನ್ನು ಮೂರು ಬಗೆಯಲ್ಲಿ ಸಿದ್ಧಪಡಿಸುವುದು ಸಾಧ್ಯವೇ? ಹಾಗೆ ಮಾಡದಿದ್ದರೆ ಮಕ್ಕಳಿಗೆ ಅನ್ಯಾಯ ಮಾಡಿದಂತಾಗುವುದೇ?
ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಅನ್ಯಾಯವಾಗುವುದಿಲ್ಲ. ಮಕ್ಕಳನ್ನು ಹೀಗೆ ಮೂರು ಗುಂಪಾಗಿ ಒಡೆದು, ಒಬ್ಬರಿಗೆ ಚಿತ್ರ, ಇನ್ನೊಬ್ಬರಿಗೆ ಮಾತು, ಮತ್ತೊಬ್ಬರಿಗೆ ಚಟುವಟಿಕೆ ಎಂದು ಹಂಚಿದರೇ ಅನ್ಯಾಯವಾಗುವ ಸಂಭವ ಹೆಚ್ಚು. ಮಕ್ಕಳು ಒಂದೇ ತೆರನಾಗಿ ಇರುವುದಿಲ್ಲ ಎಂಬ ಮಾತು ಸರಿಯಾದದ್ದೇ, ಆ ಕಾಳಜಿಯಿಂದಲೇ ನೀವು ಈ ಪತ್ರ ಬರೆದಿದ್ದೀರಿ. ಆದರೆ ಅವರು ಯಾವುದರಲ್ಲಿ ಭಿನ್ನರು ಎಂಬುದನ್ನು ಆ ಪ್ರಶ್ನಾವಳಿ ತಪ್ಪಾದ ಜಾಗದಲ್ಲಿ ಹುಡುಕುತ್ತದೆ.

ಈ ವಿಂಗಡಣೆಯ ಹೆಚ್ಚು ಪ್ರಚಲಿತ ರೂಪವನ್ನು ಕೊಟ್ಟವರು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡುವುದು ಎಂಬ ನಾಲ್ಕು ಒಲವುಗಳನ್ನು ಗುರುತಿಸುವ ಅವರ 'ವಾರ್ಕ್' ಪ್ರಶ್ನಾವಳಿಯ ಕುರಿತ ಲೇಖನ 1992ರಲ್ಲಿ ಪ್ರಕಟವಾಯಿತು. ಇಂಥ ಮಾದರಿಗಳು ಎಷ್ಟು ಬೆಳೆದವೆಂದರೆ, ಬ್ರಿಟನ್ನಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಲೆಕ್ಕ ಹಾಕಿದಾಗ 71 ಮಾದರಿಗಳು ಸಿಕ್ಕಿದವು. ಒಂದೇ ಮಗು ಒಂದು ಮಾದರಿಯ ಪ್ರಕಾರ ಒಂದು ಬಗೆ, ಇನ್ನೊಂದರ ಪ್ರಕಾರ ಬೇರೆಯೇ ಬಗೆ ಎಂದಾಗುವುದಾದರೆ ಶಿಕ್ಷಕರು ಯಾವುದನ್ನು ನಂಬಬೇಕು?

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು ಇನ್ನೂ ಮೂಲಭೂತವಾದ ಪ್ರಶ್ನೆಯನ್ನು ಎತ್ತಿದರು. ಒಲವಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದು ನಿಜವೋ ಅಲ್ಲವೋ ಎಂದು ತಿಳಿಯಬೇಕಾದರೆ, 'ನೋಡುವ' ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಚಿತ್ರದಿಂದಲೂ ಉಳಿದರ್ಧ ಜನರಿಗೆ ಮಾತಿನಿಂದಲೂ ಕಲಿಸಬೇಕು, 'ಕೇಳುವ' ಮಕ್ಕಳಿಗೂ ಹಾಗೆಯೇ ಮಾಡಬೇಕು, ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ನೋಡುವವರಿಗೆ ಚಿತ್ರವೂ ಕೇಳುವವರಿಗೆ ಮಾತೂ ಹೆಚ್ಚು ಫಲ ಕೊಟ್ಟರೆ ಮಾತ್ರ ಆ ನಂಬಿಕೆ ನಿಲ್ಲುತ್ತದೆ. ಈ ರೀತಿಯಲ್ಲಿ ನಡೆದ ಅಧ್ಯಯನಗಳೇ ಬೆರಳೆಣಿಕೆಯಷ್ಟಿದ್ದವು, ಅವುಗಳಲ್ಲಿಯೂ ತರಗತಿಯಲ್ಲಿ ಜಾರಿಗೆ ತರುವಷ್ಟು ಆಧಾರ ಅವರಿಗೆ ಕಾಣಲಿಲ್ಲ. ಮಕ್ಕಳಿಗೆ ಒಲವು ಇರುತ್ತದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಇಷ್ಟವಾದ ರೀತಿಯೇ ಹೆಚ್ಚು ಕಲಿಸುವ ರೀತಿಯೂ ಆಗಿರುತ್ತದೆ ಎನ್ನುವಲ್ಲಿ ಮಾತ್ರ ವಾದ ಕುಸಿಯುತ್ತದೆ.

ಹಾಗಾದರೆ ಚಿತ್ರ, ಮಾತು, ಚಟುವಟಿಕೆಗಳಲ್ಲಿ ಯಾವುದನ್ನು ಬಳಸಬೇಕು? ಅದನ್ನು ಮಗುವಿನ ಹಣೆಪಟ್ಟಿ ನೋಡಿ ತೀರ್ಮಾನಿಸದೆ ಪಾಠದ ವಸ್ತುವನ್ನು ನೋಡಿ ತೀರ್ಮಾನಿಸಿ. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಮಾರಿಕಣಿವೆಯಲ್ಲಿ ಏಕೆ ಅಣೆಕಟ್ಟು ಕಟ್ಟಿದರು ಎಂಬುದನ್ನು ಎಷ್ಟು ಸೊಗಸಾಗಿ ಬಾಯಲ್ಲಿ ವಿವರಿಸಿದರೂ ನಕ್ಷೆಯನ್ನೋ ಮಣ್ಣಿನ ಮಾದರಿಯನ್ನೋ ನೋಡದೆ ಯಾವ ಮಗುವಿಗೂ ಅದು ಪೂರ್ತಿ ತಿಳಿಯದು, ಅದು 'ಕೇಳುವ' ಮಗುವಾದರೂ ಅಷ್ಟೇ. ಷಟ್ಪದಿಯ ನಡೆ ಕಿವಿಗೆ ಬೀಳದೆ, ಮಾತ್ರೆಗಳನ್ನು ಬರೀ ಕಪ್ಪುಹಲಗೆಯ ಮೇಲೆ ಗುರುತು ಹಾಕಿ ತೋರಿಸಿದರೆ 'ನೋಡುವ' ಮಗುವಿಗೂ ಅದು ದಕ್ಕುವುದಿಲ್ಲ.

ನಿಮ್ಮ ವಿಷಯ ಗಣಿತವಾದ್ದರಿಂದ ಸುತ್ತಳತೆ ಮತ್ತು ವಿಸ್ತೀರ್ಣದ ಪಾಠವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಸುತ್ತಳತೆ ಒಂದೇ ಆದರೆ ವಿಸ್ತೀರ್ಣವೂ ಒಂದೇ ಎಂದು ಬಹಳಷ್ಟು ಮಕ್ಕಳು ತಿಳಿದಿರುತ್ತಾರೆ. 24 ಅಡಿ ಹಗ್ಗದ ಎರಡು ತುದಿಗಳನ್ನು ಗಂಟು ಹಾಕಿ ಶಾಲೆಯ ಅಂಗಳಕ್ಕೆ ತನ್ನಿ. ನಾಲ್ವರು ಮಕ್ಕಳು ನಾಲ್ಕು ಮೂಲೆಗಳಲ್ಲಿ ನಿಂತು ಹಗ್ಗವನ್ನು ಬಿಗಿಯಾಗಿ ಹಿಡಿದು 6 ಅಡಿಯ ಚೌಕ ಮಾಡಲಿ, ಉಳಿದವರು ಒಂದು ಅಡಿ ಅಳತೆಗೆ ಕತ್ತರಿಸಿದ ಹಳೆಯ ಪತ್ರಿಕೆಯ ಚೌಕಗಳನ್ನು ಒಳಗೆ ಹಾಸಲಿ. 36 ಚೌಕಗಳು ಹಿಡಿಯುತ್ತವೆ. ಅದೇ ಹಗ್ಗವನ್ನು 8 ಅಡಿ ಉದ್ದ, 4 ಅಡಿ ಅಗಲಕ್ಕೆ ಎಳೆದರೆ ನಾಲ್ಕು ಚೌಕಗಳು ಹೊರಗುಳಿದು 32 ಮಾತ್ರ ಹಿಡಿಯುತ್ತವೆ. 10 ಅಡಿ ಉದ್ದ, 2 ಅಡಿ ಅಗಲಕ್ಕೆ ಎಳೆದಾಗ 20 ಮಾತ್ರ. ಹಗ್ಗ ಅಷ್ಟೇ ಇದ್ದರೂ ಒಳಗಿನ ಜಾಗ ಏಕೆ ಕಡಿಮೆಯಾಯಿತು ಎಂದು ಕೇಳಿ, ಅವರ ಮಾತಿನಲ್ಲೇ ಉತ್ತರ ಬರುವವರೆಗೆ ಕಾಯಿರಿ. ಆಮೇಲೆ ಒಳಗೆ ಬಂದು ಚೌಕಳಿ ಹಾಳೆಯ ಮೇಲೆ ಮೂರೂ ಆಕೃತಿಗಳನ್ನು ಬಿಡಿಸಲಿ, ಕೊನೆಯಲ್ಲಿ ಸೂತ್ರ ಬರೆಯಲಿ. ಮಾಡುವುದು, ಹೇಳುವುದು, ನೋಡುವುದು, ಬರೆಯುವುದು ಎಲ್ಲವೂ ಒಂದೇ ಪಾಠದಲ್ಲಿ, ಎಲ್ಲ ಮಕ್ಕಳಿಗೂ ಆಯಿತು. ಮೂರು ಪಾಠಗಳನ್ನು ಸಿದ್ಧಪಡಿಸುವ ಹೊರೆ ನಿಮಗೆ ಬೀಳಲಿಲ್ಲ.

ಮಕ್ಕಳ ನಿಜವಾದ ಭಿನ್ನತೆ ಗೋಚರಿಸುವುದು ಇದಾದ ಮೇಲೆ. ಒಂದು ಸಣ್ಣ ಲೆಕ್ಕ ಕೊಟ್ಟು ನೋಟ್‌ಪುಸ್ತಕಗಳನ್ನು ಒಂದು ಸುತ್ತು ನೋಡಿ. ಕೆಲವರು ವಿಷಯವನ್ನು ಹಿಡಿದಿರುತ್ತಾರೆ, ಅವರಿಗೆ ಇನ್ನೂ ಕಷ್ಟದ ಲೆಕ್ಕ ಕೊಡಬಹುದು. ಕೆಲವರು ವಿಧಾನ ತಿಳಿದೂ ಎಂಟು ನಾಲ್ಕಲಿ ಎಷ್ಟೆಂದು ಗೊತ್ತಿಲ್ಲದೆ ನಿಂತಿರುತ್ತಾರೆ, ಅವರಿಗೆ ಬೇಕಾದದ್ದು ಮಗ್ಗಿ. ಇನ್ನು ಕೆಲವರಿಗೆ ಲೆಕ್ಕ ಬರುತ್ತದೆ, ಆದರೆ 'ಆಯತಾಕಾರದ ಹೊಲದ ಸುತ್ತ ಬೇಲಿ ಹಾಕಲು' ಎಂಬ ವಾಕ್ಯ ಕೇಳುತ್ತಿರುವುದು ಸುತ್ತಳತೆಯನ್ನು ಎಂಬುದು ಹೊಳೆದಿರುವುದಿಲ್ಲ, ಅವರೊಂದಿಗೆ ಕುಳಿತು ಲೆಕ್ಕವನ್ನು ಓದಿ ಚಿತ್ರ ಬರೆಸಬೇಕು. ಈ ಮೂರು ಗುಂಪುಗಳಿಗೆ ಮೂರು ಬಗೆಯ ಕೆಲಸ ಕೊಡುವುದೇ ನಿಜವಾದ ಹೊಂದಾಣಿಕೆ. ಈ ಗುಂಪುಗಳು ನಾಳೆಯ ಪಾಠಕ್ಕೆ ಬದಲಾಗುತ್ತವೆ, ಬದಲಾಗಲೇಬೇಕು.

ಇದು ನಮ್ಮ ಶಾಲೆಗಳಿಗೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯದಾದ್ಯಂತ ಹಬ್ಬಿದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ ಮಗು ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕು ಎಂಬುದನ್ನು ನಿರ್ಧರಿಸುವುದು ಅದು ಕಲಿಕಾ ಏಣಿಯ ಯಾವ ಮೆಟ್ಟಿಲಿನಲ್ಲಿದೆ, ಶಿಕ್ಷಕರ ನೆರವು ಬೇಕೋ, ಗೆಳೆಯರ ನೆರವು ಸಾಕೋ, ತಾನೇ ಮಾಡಬಲ್ಲುದೋ ಎಂಬುದು. ಅಲ್ಲಿ ಯಾವ ಮಗುವೂ 'ಕೇಳುವ ಮಗು' ಎಂಬ ಹೆಸರು ಹೊತ್ತು ವರ್ಷವಿಡೀ ಒಂದೇ ಕಡೆ ಕೂರುವುದಿಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ದೊರೆತ ಈ ವಿವೇಕ ಏಳನೇ ತರಗತಿಗೆ ಬರುವಷ್ಟರಲ್ಲಿ ಕಳೆದುಹೋಗಬಾರದು ಎಂಬುದು ನನ್ನ ಆಗ್ರಹ.

ಪ್ರಶ್ನೆ: ನನ್ನ ಮಗಳು ದಾವಣಗೆರೆಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಖಾಸಗಿ ಕೇಂದ್ರವೊಂದರಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಿದಾಗ ಅವಳು 'ಕೇಳಿ ಕಲಿಯುವವಳು', ಬರೆಯುವುದನ್ನು ಕಡಿಮೆ ಮಾಡಿ ಪಾಠಗಳ ಧ್ವನಿಮುದ್ರಣ ಕೇಳಿಸಿ ಎಂಬ ವರದಿ ಬಂದಿತು. ಅಂದಿನಿಂದ ಅವಳು ಗಣಿತದ ಲೆಕ್ಕ ಬಿಡಿಸುವುದನ್ನೇ ಬಿಟ್ಟಿದ್ದಾಳೆ, ಕೇಳಿದರೆ ವರದಿ ತೋರಿಸುತ್ತಾಳೆ. ಏನು ಮಾಡಲಿ?
ಪೋಷಕರು, ದಾವಣಗೆರೆ

ಉತ್ತರ: ವರದಿಯನ್ನು ಮಡಿಚಿ ಒಳಗಿಡಿ. ಹದಿನಾಲ್ಕರ ವಯಸ್ಸಿನ ಹುಡುಗಿಗೆ 'ನೀನು ಇಂಥವಳು' ಎಂದು ಅಚ್ಚು ಹಾಕಿದ ಕಾಗದ ಕೊಟ್ಟರೆ, ಅವಳು ಅದನ್ನು ನಂಬಿ ತನಗೆ ಕಷ್ಟವೆನಿಸಿದ್ದನ್ನೆಲ್ಲ ತನ್ನದಲ್ಲ ಎಂದು ದೂರವಿಡುವುದು ಸಹಜ. ತಪ್ಪು ಅವಳದ್ದಲ್ಲ.

ಇಂಥ ವಿಷಯವನ್ನೇ ಪರೀಕ್ಷಿಸಿದ ಒಂದು ಅಧ್ಯಯನ ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾಗಿದೆ. ಕಾಲೇಜು ಶಿಕ್ಷಣ ಪಡೆದ ವಯಸ್ಕರ ಒಲವನ್ನು ಗುರುತಿಸಿ, ಕೆಲವರಿಗೆ ಪುಸ್ತಕದ ಭಾಗವನ್ನು ಕೇಳಿಸಿದರು, ಕೆಲವರಿಗೆ ಓದಿಸಿದರು. ಒಲವಿಗೂ ವಿಧಾನಕ್ಕೂ ಹೊಂದಿಕೆಯಾದ ಮಾತ್ರಕ್ಕೆ ಅವರ ಗ್ರಹಿಕೆ ಹೆಚ್ಚಲಿಲ್ಲ. ಅವರೆಲ್ಲ ವಯಸ್ಕರು, ನಿಮ್ಮ ಮಗಳು ಶಾಲಾ ಬಾಲಕಿ, ಈ ವ್ಯತ್ಯಾಸವನ್ನು ಮರೆಯಬಾರದು. ಆದರೂ ವರದಿಯ ಮೇಲೆ ಭಾರ ಹಾಕದಿರಲು ಇಷ್ಟು ಕಾರಣ ಸಾಕು.

ಗಣಿತವಂತೂ ಕೈ ಆಡಿಸದೆ ಬರುವ ವಿದ್ಯೆಯಲ್ಲ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಅವಳು ಉತ್ತರವನ್ನು ಬರೆಯಲೇಬೇಕು. ಅವಳಿಗೆ ಕೇಳುವುದು ಇಷ್ಟವಾದರೆ ಕೇಳಲಿ, ಅದಕ್ಕೆ ಅಡ್ಡಿಯಿಲ್ಲ. ಕೇಳಿದ ಮೇಲೆ ಪುಸ್ತಕ ಮುಚ್ಚಿ, ನೆನಪಿಗೆ ಬಂದಷ್ಟನ್ನು ಹಾಳೆಯ ಮೇಲೆ ಬರೆಯಲಿ, ಬಿಟ್ಟುಹೋದದ್ದನ್ನು ಪುಸ್ತಕ ತೆರೆದು ಸೇರಿಸಲಿ, ಎರಡು ಮೂರು ದಿನ ಬಿಟ್ಟು ಅದನ್ನೇ ಮತ್ತೆ ಮಾಡಲಿ. ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿನಿಂದ ಹೊರತೆಗೆಯುವುದೇ ವಿಷಯವನ್ನು ಹೆಚ್ಚು ಕಾಲ ಉಳಿಸುತ್ತದೆ ಎಂಬುದಕ್ಕೆ ಬಲವಾದ ಸಂಶೋಧನೆಯ ಬೆಂಬಲವಿದೆ, ಮತ್ತು ಇದಕ್ಕೆ ಶುಲ್ಕ ಬೇಕಿಲ್ಲ. ಶಾಲೆ ಬದಲಾಯಿಸುವ ಅಥವಾ ಮತ್ತೊಂದು ಕೋಚಿಂಗ್‌ಗೆ ಸೇರಿಸುವ ಯೋಚನೆಯಿದ್ದರೆ ಅದಕ್ಕೆ ಮೊದಲು ಅವಳ ಗಣಿತ ಶಿಕ್ಷಕರನ್ನು ಭೇಟಿ ಮಾಡಿ, ಯಾವ ಅಧ್ಯಾಯದಿಂದ ಅವಳು ಹಿಂದೆ ಬಿದ್ದಳು ಎಂದು ವಿಚಾರಿಸಿ. ಬೀಜೋಕ್ತಿಯಲ್ಲಿ ತೊಡಕಿದ್ದರೆ ಅದರ ಬೇರು ಹಲವು ಸಲ ಭಿನ್ನರಾಶಿಯಲ್ಲಿರುತ್ತದೆ.

ಪ್ರಶ್ನೆ: ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಶಾಲೆಯ ಐದನೇ ತರಗತಿಯ ಹುಡುಗನೊಬ್ಬ ಬಾಯಲ್ಲಿ ಕೇಳಿದರೆ ಚುರುಕಾಗಿ ಉತ್ತರಿಸುತ್ತಾನೆ, ಓದಲು ಬರೆಯಲು ಹೇಳಿದರೆ ತಲೆ ತಗ್ಗಿಸುತ್ತಾನೆ. ಅವನ ಮನೆಮಾತು ತೆಲುಗು. ಅವನನ್ನು ಕೇಳಿ ಕಲಿಯುವವನೆಂದು ತಿಳಿದು ಬರವಣಿಗೆಯಿಂದ ವಿನಾಯಿತಿ ಕೊಡಬಹುದೇ?
ಸಹಶಿಕ್ಷಕರು, ಮೊಳಕಾಲ್ಮೂರು ತಾಲ್ಲೂಕು

ಉತ್ತರ: ದಯವಿಟ್ಟು ಹಾಗೆ ತೀರ್ಮಾನಿಸಬೇಡಿ. ಕೇಳಿ ಕಲಿಯುವವನೆಂಬ ಹೆಸರು ಇಟ್ಟ ಕೂಡಲೇ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ, ಈ ಹುಡುಗನಿಗೆ ಬೇಕಾಗಿರುವುದೇ ಕಾರಣ ಹುಡುಕುವವರು. ಮೊದಲು ಕಣ್ಣಿನ ಪರೀಕ್ಷೆ ಆಗಲಿ. ಹಿಂದಿನ ಸಾಲಿನಿಂದ ಹಲಗೆ ಕಾಣದ ಮಕ್ಕಳು ಬಾಯಿಪಾಠದಲ್ಲಿ ಚುರುಕಾಗಿರುವುದು ಅಪರೂಪವಲ್ಲ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಅವನನ್ನು ತೋರಿಸಬಹುದು. ಎರಡನೆಯದಾಗಿ, ಆಂಧ್ರದ ಗಡಿಯಲ್ಲಿರುವ ನಿಮ್ಮ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು ಆಡುವ ಮಗುವಿಗೆ ಆಡುಗನ್ನಡ ಬಂದ ಮಾತ್ರಕ್ಕೆ ಪಠ್ಯಪುಸ್ತಕದ ಕನ್ನಡ ಬರುತ್ತದೆ ಎಂದಲ್ಲ. ಅವನು ಬಾಯಲ್ಲಿ ಹೇಳಿದ ಉತ್ತರವನ್ನೇ ನೀವು ಹಲಗೆಯ ಮೇಲೆ ಬರೆದು ಅವನಿಂದಲೇ ಓದಿಸಿ. ತನ್ನದೇ ಮಾತು ಅಕ್ಷರವಾಗಿ ಎದುರಿಗಿದ್ದರೆ ಓದುವ ಧೈರ್ಯ ಬೇಗ ಬರುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತಾನೋ, ಕಾಗುಣಿತದಲ್ಲೇ ಎಡವುತ್ತಾನೋ ಎಂಬುದನ್ನೂ ಆಗ ಗಮನಿಸಿ ಬರೆದಿಟ್ಟುಕೊಳ್ಳಿ.

ಕೆಲವು ತಿಂಗಳು ಹೀಗೆ ಒತ್ತಾಸೆಯಾಗಿ ನಿಂತರೂ ಅಕ್ಷರಗಳನ್ನು ಗುರುತಿಸುವುದರಲ್ಲೇ ತೊಡಕು ಮುಂದುವರಿದರೆ ಅದು ನಿರ್ದಿಷ್ಟ ಕಲಿಕಾ ನ್ಯೂನತೆಯಾಗಿರಬಹುದು. ಅದು ಬುದ್ಧಿಯ ಕೊರತೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ನ್ಯೂನತೆಗಳಲ್ಲಿ ಅದೂ ಸೇರಿದೆ, ಆದ್ದರಿಂದ ನೆರವು ಪಡೆಯುವುದು ಆ ಹುಡುಗನ ಹಕ್ಕು. ನೀವು ಬರೆದಿಟ್ಟ ಟಿಪ್ಪಣಿಗಳೊಂದಿಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಿರಿ. ತಜ್ಞರ ಮೌಲ್ಯಮಾಪನಕ್ಕೆ ಹುಡುಗನನ್ನು ಕಳುಹಿಸುವ ಮುನ್ನ ಅವನ ತಂದೆತಾಯಿಗೆ, ಸಾಧ್ಯವಾದರೆ ತೆಲುಗಿನಲ್ಲೇ, ವಿಷಯವನ್ನು ಬಿಡಿಸಿ ಹೇಳಿ.