ಶನಿವಾರ ರಾತ್ರಿ ಯುದ್ಧ ಇರುತ್ತೆ ಅಂತ ಹುಡುಗನಿಗೆ ಹೇಳ್ಲಾ?

ಪ್ರಶ್ನೆ: ಅಕ್ಕಾ, ನಂಗೆ 28 ವರ್ಷ, ದಾವಣಗೆರೆ ಕಡೆಯವಳು, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಕಾಲೇಜಿಂದ್ಲೂ ಕಂಪ್ಯೂಟರ್‌ನಲ್ಲಿ ದೊಡ್ಡ ಯುದ್ಧದ ಸ್ಟ್ರಾಟಜಿ ಗೇಮ್ ಆಡ್ತೀನಿ, ಮೊದ್ಲು ಏಜ್ ಆಫ್ ಎಂಪೈರ್ಸ್, ಈಗ ಯುರೋಪಾ ಯೂನಿವರ್ಸಾಲಿಸ್ 4. ಪ್ರತಿ ಶನಿವಾರ ರಾತ್ರಿ ಒಂಬತ್ತರಿಂದ ಒಂದರವರೆಗೆ ಒಂದು ಗುಂಪಿನ ಜೊತೆ ಮಲ್ಟಿಪ್ಲೇಯರ್, ಅದ್ರಲ್ಲಿ ಒಬ್ಬೊಬ್ರು ಒಂದೊಂದು ದೇಶ ನಡೆಸ್ತೀವಿ, ವಿಜಯನಗರ ನಂದು. ಈಗ ನಿಶ್ಚಿತಾರ್ಥ ಆಗಿದೆ, ಹುಡುಗ ಒಳ್ಳೆಯವ್ರು. ಆದ್ರೆ ಶನಿವಾರ ಅವ್ರು ಫೋನ್ ಮಾಡಿದಾಗೆಲ್ಲ ಆಫೀಸ್ ಕಾಲ್‌ನಲ್ಲಿದೀನಿ ಅಂತ ಸುಳ್ಳು ಹೇಳ್ತಾ ಬಂದಿದೀನಿ. ಅಮ್ಮ ಅಂತೂ, ಹೆಣ್ಮಗಳು ಯುದ್ಧದ ಆಟ ಆಡ್ತಾಳೆ ಅಂದ್ರೆ ಅವ್ರ ಮನೇಲಿ ಏನಂದ್ಕೊಳ್ತಾರೆ, ಮದುವೆಗೆ ಮೊದ್ಲು ಆ ಕಂಪ್ಯೂಟರ್ ಮಾರಿಬಿಡು ಅಂತಾರೆ. ಇದು ಚಟಾನಾ? ಮುತ್ತಿಗೆ, ಸೈನ್ಯ ಅಂತ ಖುಷಿ ಪಡೋ ನಾನು ಸರಿ ಇದೀನಾ? ಹೇಳ್ಲಾ, ಬಿಟ್ಟೇ ಬಿಡ್ಲಾ?

ಉತ್ತರ: ತಂಗಿ, ಕಂಪ್ಯೂಟರ್ ಮಾರಬೇಡ, ಆಟಾನೂ ಬಿಡಬೇಡ. ಆದ್ರೆ ಆ ಆಫೀಸ್ ಕಾಲ್ ಅನ್ನೋ ಮಾತು ಇದೆಯಲ್ಲ, ಅದನ್ನ ಈ ವಾರಾನೇ ನಿಲ್ಸು. ನಿನ್ನ ಪತ್ರ ಓದಿದಾಗ ನಂಗೆ ಭಯ ಆಗಿದ್ದು ಅದೊಂದಕ್ಕೇ. ಇವತ್ತು ಗೇಮ್‌ಗೋಸ್ಕರ ಹೇಳಿದ್ದು, ನಾಳೆ ಬೇರೆ ಇನ್ನೇನೋ ಹೇಳ್ಬೇಕಾದಾಗ ಅದೇ ನಾಲಿಗೆಗೆ ಸುಲಭವಾಗಿ ಬಂದ್ಬಿಡುತ್ತೆ, ಮತ್ತೆ ಒಂದಿನ ಅವ್ರಿಗೆ ತಾನಾಗೇ ಗೊತ್ತಾದ್ರೆ ಗೇಮ್ ಬಗ್ಗೆ ಯಾರೂ ಮಾತಾಡಲ್ಲ, ಇಷ್ಟು ದಿನ ಶನಿವಾರ ಎಲ್ಲಿದ್ದೆ, ಯಾರ ಜೊತೆ ಇದ್ದೆ ಅನ್ನೋದೇ ಮಾತಾಗುತ್ತೆ.

ಸರಿ ಇದೀನಾ ಅಂತ ಕೇಳಿದೀಯ, ಅದಕ್ಕೆ ಮೊದ್ಲು ಉತ್ತರ ಹೇಳ್ತೀನಿ ಯಾಕಂದ್ರೆ ಆ ಅನುಮಾನ ಇಟ್ಕೊಂಡು ಅವ್ರ ಹತ್ರ ಮಾತಾಡೋಕೆ ಹೋದ್ರೆ ತಪ್ಪೊಪ್ಪಿಗೆ ತರ ಆಗುತ್ತೆ. ಈ ಗೇಮ್ ನಾನೂ ಆಡ್ತೀನಿ, ಅದಕ್ಕೇ ಧೈರ್ಯವಾಗಿ ಹೇಳ್ತಿದೀನಿ. ಆಟ ಶುರುವಾಗೋದು 1444ರ ನವೆಂಬರ್ 11ಕ್ಕೆ. ವಿಜಯನಗರದಲ್ಲಿ ಪ್ರೌಢದೇವರಾಯನ ಕಾಲ, ಉತ್ತರಕ್ಕೆ ಬಹಮನಿಗಳು, ಕೃಷ್ಣಾ ತುಂಗಭದ್ರೆ ನಡುವಿನ ರಾಯಚೂರು ಸೀಮೆಗೋಸ್ಕರ ನಿಜವಾಗ್ಲೂ ಹಿಂದಿನ ವರ್ಷವಷ್ಟೇ ಇಬ್ರೂ ಹೊಡೆದಾಡಿದ್ರು. ಅಲ್ಲಿಂದ 1821ರವರೆಗೆ ನೀನು ಮಾಡೋದು ಬಹುಪಾಲು ಲೆಕ್ಕ. ಖಜಾನೇಲಿ ಎಷ್ಟಿದೆ, ಸಾಲದ ಬಡ್ಡಿ ಎಷ್ಟು, ಒಂದು ಪ್ರಾಂತ್ಯ ಸಾಕೋಕಾಗದಷ್ಟು ದಂಡು ಅಲ್ಲಿ ನಿಂತ್ರೆ ಯುದ್ಧವೇ ಇಲ್ದೆ ತಿಂಗಳಿಗೆ ಎಷ್ಟು ಜನ ಕರಗ್ತಾರೆ, ಒಂದೇ ಏಟಿಗೆ ಜಾಸ್ತಿ ನೆಲ ನುಂಗಿದ್ರೆ ಅಕ್ಕಪಕ್ಕದವ್ರೆಲ್ಲ ಒಟ್ಟಾಗಿ ಮೇಲೆ ಬೀಳ್ತಾರಾ. ಅಕೌಂಟ್ಸ್ ಹುಡುಗಿಗೆ ಇದು ಹಿಡಿಸಿದ್ರಲ್ಲಿ ಏನ್ ಆಶ್ಚರ್ಯ? ಅಮ್ಮಂಗೆ ಚದುರಂಗದ ಉದಾಹರಣೆ ಕೊಡು, ಅಲ್ಲೂ ಆನೆ, ಕುದುರೆ, ಕಾಲಾಳು ಎಲ್ಲ ಇದಾವೆ, ಅದನ್ನ ಆಡೋ ಹೆಣ್ಮಕ್ಕಳನ್ನ ಜಾಣೆ ಅಂತಾರೆ. ಹಾಂ, ಸ್ಕ್ರೀನ್ ಮೇಲೆ ಸಂಖ್ಯೆ ಆಗಿ ಕಾಣೋದು ಒಂದು ಕಾಲಕ್ಕೆ ಮನುಷ್ಯರಾಗಿದ್ರು ಅನ್ನೋದು ಮರೀಬೇಡ, 1565ರಲ್ಲಿ ರಕ್ಕಸತಂಗಡಿ ಯುದ್ಧ ಆದ್ಮೇಲೆ ಹಂಪೆಗೆ ಏನಾಯ್ತು ಅಂತ ಗೊತ್ತಿರೋರು ನಾವು. ನಿಂಗೆ ಈ ಪ್ರಶ್ನೆ ಹುಟ್ಟಿದೆ ಅಂದ್ರೇನೇ ಮನಸ್ಸು ಮರಗಟ್ಟಿಲ್ಲ.

ಚಟದ ವಿಷ್ಯ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದಿರೋ ಕಾಯಿಲೆಗಳ ಪಟ್ಟಿಲಿ ಗೇಮಿಂಗ್ ಸಮಸ್ಯೆ ಇರೋದು ನಿಜ, ಆದ್ರೆ ಅದಕ್ಕೆ ಆಟ ಕೈಮೀರಿರಬೇಕು, ಉಳಿದಿದ್ದೆಲ್ಲ ಹಿಂದೆ ಬಿದ್ದಿರಬೇಕು, ಹಾಳಾಗ್ತಿದೆ ಅಂತ ಕಂಡ್ರೂ ಮುಂದುವರೀತಿರಬೇಕು, ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು. ವಾರಕ್ಕೊಂದು ರಾತ್ರಿ ನಾಲ್ಕು ಗಂಟೆ ಅನ್ನೋದು ಅಲ್ಲಿಗೆ ಬರಲ್ಲ. ವಾರದ ದಿನಗಳಲ್ಲೂ ಇದೊಂದು ಯುದ್ಧ ಮುಗಿಸಿ ಮಲಗ್ತೀನಿ ಅಂತ ಬೆಳಗಾಗ್ತಿದ್ರೆ ಮಾತ್ರ ನಿನ್ನ ಹತ್ರ ನೀನೇ ನಿಜ ಹೇಳ್ಕೋ, ಬೆಂಗಳೂರಲ್ಲೇ ನಿಮ್ಹಾನ್ಸ್‌ನ ಗೇಮ್, ಮೊಬೈಲ್ ಚಟಕ್ಕೆ ಚಿಕಿತ್ಸೆ ಕೊಡೋ ಶಟ್ ಕ್ಲಿನಿಕ್ ಇದೆ, ಹೋಗೋಕೆ ನಾಚಿಕೆ ಬೇಡ.

ನಿಜವಾದ ತೊಡಕು ಮಲ್ಟಿಪ್ಲೇಯರ್. ಒಬ್ಳೇ ಆಡ್ವಾಗ ಸ್ಪೇಸ್ ಬಾರ್ ಒತ್ತಿದ್ರೆ ಇಡೀ ಪ್ರಪಂಚ ನಿಲ್ಲುತ್ತೆ, ಯಾರಾದ್ರೂ ಕರೆದ್ರೆ ಎದ್ದು ಹೋಗ್ಬಹುದು. ಗುಂಪಲ್ಲಿ ಹಾಗಲ್ಲ, ಎಲ್ರಿಗೂ ಒಂದೇ ಗಡಿಯಾರ, ನೀನು ಎದ್ದು ಹೋದ್ರೆ ನಿನ್ನ ನಂಬಿ ಯುದ್ಧಕ್ಕಿಳಿದ ಮಿತ್ರನ ದೇಶ ಮುಳುಗುತ್ತೆ. ಇದು ಆಡದವ್ರಿಗೆ ಅರ್ಥ ಆಗಲ್ಲ, ಹತ್ತು ನಿಮಿಷ ಬಂದು ಮಾತಾಡಿಸಿದ್ರೆ ಏನಾಗುತ್ತೆ ಅಂತ ಬೇಜಾರು ಮಾಡ್ಕೊಳ್ತಾರೆ. ಮದುವೆ ಆದ ಹೊಸತರಲ್ಲಿ ಶನಿವಾರ ರಾತ್ರಿ ಅಂದ್ರೆ ನೆಂಟರ ಮನೆ ಊಟ, ಅತ್ತೆ ಮಾವ ಬಂದಿರೋದು, ಊರಿಗೆ ಹೊರಡೋದು, ಎಲ್ಲ ಅವತ್ತೇ ಬೀಳುತ್ತೆ. ಅದಕ್ಕೆ ಗುಂಪಿನವ್ರಿಗೆ ಈಗ್ಲೇ ಹೇಳು. ಈ ಗೇಮ್‌ನಲ್ಲಿ ಒಂದೇ ದೇಶಾನ ಇಬ್ರು ಸೇರಿ ಆಡ್ಬಹುದಲ್ಲ, ನಂಬಿಕಸ್ಥರೊಬ್ರನ್ನ ವಿಜಯನಗರಕ್ಕೆ ಜೊತೆ ಮಾಡ್ಕೋ, ನೀನು ಬರೋಕಾಗದ ವಾರ ಅವ್ರು ನೋಡ್ಕೊಳ್ಳಲಿ. ಸಾಧ್ಯ ಆದ್ರೆ ಹನ್ನೊಂದಕ್ಕೇ ಮುಗಿಸೋ ಗುಂಪು ಹುಡುಕು.

ಇನ್ನು ಹುಡುಗನ ಹತ್ರ ಹೇಳೋದು. ಮೆಸೇಜಲ್ಲಿ ಬೇಡ, ಭೇಟಿ ಆದಾಗ ಹೇಳು. ಮೊದ್ಲು ಸುಳ್ಳಿಗೆ ಕ್ಷಮೆ ಕೇಳು, ಆಮೇಲೆ ಗೇಮ್ ವಿಷ್ಯ, ಇವೆರಡನ್ನ ಕಲಸಬೇಡ. "ಶನಿವಾರ ಆಫೀಸ್ ಕೆಲಸ ಅಂದಿದ್ದು ಸುಳ್ಳು, ತಪ್ಪಾಯ್ತು. ನಾನು ಗೇಮ್ ಆಡ್ತಿದ್ದೆ, ಅದು ನಂಗೆ ತುಂಬಾ ಇಷ್ಟ, ಮದುವೆ ಆದ್ಮೇಲೂ ಆಡ್ಬೇಕು ಅಂತಿದೆ." ಇಷ್ಟೇ ಸಾಕು. ಜೊತೆಲಿ ಯಾರ್ಯಾರು ಆಡ್ತಾರೆ ಅಂತ ಕೇಳಿದ್ರೆ ಅದನ್ನೂ ಮುಚ್ಚಿಡದೆ ಹೇಳು. ಮದುವೆ ಆದ್ಮೇಲೆ ಬಿಟ್ಬಿಡ್ತೀನಿ ಅನ್ನೋ ಮಾತು ಮಾತ್ರ ಬಾಯಿತಪ್ಪಿಯೂ ಕೊಡ್ಬೇಡ, ಅದು ಇನ್ನೊಂದು ಆಫೀಸ್ ಕಾಲ್ ಆಗುತ್ತೆ. ಸುಳ್ಳು ಹೇಳಿದ್ದಕ್ಕೆ ಅವ್ರು ಕೋಪ ಮಾಡ್ಕೊಂಡ್ರೆ ಆ ಕೋಪ ನ್ಯಾಯವಾದದ್ದು, ಎರಡು ದಿನ ಟೈಮ್ ಕೊಡು. ಆದ್ರೆ ಹೆಣ್ಮಕ್ಕಳಿಗೆ ಇದೆಲ್ಲ ಯಾಕೆ, ನಮ್ಮನೇಲಿ ನಡೆಯಲ್ಲ ಅಂದ್ರೆ, ಅದು ಗೇಮ್ ಬಗ್ಗೆ ಬಂದ ಮಾತು ಅಂತ ಸುಮ್ನಾಗ್ಬೇಡ, ಲಗ್ನಪತ್ರಿಕೆ ಅಚ್ಚಿಗೆ ಹೋಗೋ ಮುಂಚೆ ಕೂತು ಪೂರ್ತಿ ಮಾತಾಡು. ಅತ್ತೆ ಮನೆಯವ್ರಿಗೆಲ್ಲ ನೀನೇ ಹೋಗಿ ಸಾರಬೇಕಿಲ್ಲ, ಅವ್ರಿಗೆ ಗೊತ್ತಾದಾಗ ನಿನ್ನ ಪರ ಒಂದು ಮಾತಾಡೋಕೆ ಅವ್ರ ಮಗ ಇದ್ರೆ ಆಯ್ತು.

ಮತ್ತೆ ಬಾಡಿಗೆ ಮನೆ ಇಬ್ರೂ ಸೇರಿ ಹುಡುಕ್ತೀರಲ್ಲ, ಮಲಗೋ ಕೋಣೆ ಬಿಟ್ಟು ಬೇರೆ ಕಡೆ ಒಂದು ಮೇಜು ಹಿಡಿಸೋ ಜಾಗ ಇದೆಯಾ ಅಂತ ಆಗ್ಲೇ ಅವ್ರ ಜೊತೆ ನಿಂತು ನೋಡ್ಕೋ.