ಪಹಣಿಯಲ್ಲಿ ಹೆಸರಿಲ್ಲದವರ ಸಾಲ

ಮಾನ್ಯರೇ,

ಹಾವೇರಿ ಜಿಲ್ಲೆಯ ರೈತರ ಆತ್ಮಹತ್ಯೆಗಳನ್ನು ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ನೀವು ಬರೆದ ದೀರ್ಘ ಪತ್ರ ತಲುಪಿದೆ. ನಿಮ್ಮ ಕೋರಿಕೆಯಂತೆ ಹೆಸರು, ಊರು ಹಾಕಿಲ್ಲ. ವರ್ಷಗಟ್ಟಲೆ ಬೆಳೆ ಸಾಲದ ಕಡತಗಳನ್ನು ನೋಡಿ ನಿವೃತ್ತರಾದ ಬ್ಯಾಂಕ್ ಅಧಿಕಾರಿ ನೀವು. ಸಹಕಾರ ಸಂಘಗಳಲ್ಲಿ ಶೂನ್ಯ ಬಡ್ಡಿಗೆ ಸಾಲವಿದೆ, ಸಾಲ ಮನ್ನಾ ಆಗಿದೆ, ವಿಮೆ ಇದೆ. ಇಷ್ಟಾದರೂ ಸಾಯುತ್ತಾರೆಂದರೆ ಕುಡಿತ, ಮದುವೆಯ ದುಂದುವೆಚ್ಚ ಮತ್ತು ಪರಿಹಾರದ ಆಸೆಯೇ ಕಾರಣವಲ್ಲವೇ ಎಂದು ಕೇಳಿದ್ದೀರಿ. ಕೊನೆಗೆ, ಪಕ್ಕದ ಮನೆಯ ಯುವಕ ಬೇರೆಯವರ ಹೊಲ ಲಾವಣಿಗೆ (ಗೇಣಿಗೆ) ಹಾಕಿಕೊಂಡು ಗೋವಿನಜೋಳ (ಮೆಕ್ಕೆಜೋಳ) ಬೆಳೆದವನು, ಈಚೆಗೆ ಯಾರೊಡನೆಯೂ ಮಾತನಾಡುತ್ತಿಲ್ಲ ಎಂದೂ ಬರೆದಿದ್ದೀರಿ. ಪತ್ರದ ಆ ಎರಡು ಸಾಲಿಗಾಗಿಯೇ ಇಷ್ಟು ವಿವರವಾಗಿ ಉತ್ತರಿಸುತ್ತಿದ್ದೇನೆ.

ನೀವು ಹೇಳಿದ ಶೂನ್ಯ ಬಡ್ಡಿಯ ಸಾಲ ನಿಜ. 2023-24ರ ಬಜೆಟ್‌ನಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಆದರೆ ಅದು ಸಿಗುವುದು ಪಹಣಿಯಲ್ಲಿ, ಅಂದರೆ ಜಮೀನಿನ ಹಕ್ಕಿನ ದಾಖಲೆಯಲ್ಲಿ, ಹೆಸರಿರುವವರಿಗೆ. ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯ ನಂತರ, ಕೆಲವು ವಿನಾಯಿತಿ ಬಿಟ್ಟರೆ, ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ಮಾನ್ಯತೆಯೇ ಇಲ್ಲ; ಆದ್ದರಿಂದ ಲಾವಣಿಯೆಲ್ಲ ಬಾಯಿಮಾತಿನದು. ಆ ಯುವಕನ ಕೈಯಲ್ಲಿ ಬ್ಯಾಂಕಿಗೆ ತೋರಿಸುವ ಒಂದು ಚೀಟಿಯೂ ಇರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿಯ ಪರಿಹಾರವೂ ಪಹಣಿದಾರರ ಖಾತೆಗೇ ಜಮೆಯಾಯಿತು. ಬೆಳೆ ಒಣಗಿದ್ದು ಒಬ್ಬರದು, ಹಣ ಬಂದದ್ದು ಇನ್ನೊಬ್ಬರಿಗೆ.

ಹಾಗಾದರೆ ಅವನು ಸಾಲ ತರುವುದೆಲ್ಲಿಂದ? ಬೀಜ, ಗೊಬ್ಬರ ಅಂಗಡಿಯಲ್ಲಿ ಉದ್ರಿ. ಕೂಲಿಗೆ, ಲಾವಣಿಯ ಹಣಕ್ಕೆ ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದು ಹಿಡಿಯಿರಿ. ವರ್ಷಕ್ಕೆ ಶೇ 36. ಲೆಕ್ಕದಲ್ಲಿ ನೀವು ನನಗಿಂತ ನುರಿತವರು: ಒಂದು ಲಕ್ಷಕ್ಕೆ ಬಡ್ಡಿಯೇ 36,000. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. 2025ರ ನವೆಂಬರ್‌ನಲ್ಲಿ ಮಾರುಕಟ್ಟೆಯ ದರ 1,600-1,800ಕ್ಕೆ ಕುಸಿದಿತ್ತು. ಬೆಂಬಲ ಬೆಲೆ ಸಿಕ್ಕಿದ್ದರೆ ಬಡ್ಡಿಗೆ 15 ಕ್ವಿಂಟಲ್ ಸಾಕಿತ್ತು. 1,700ರ ದರದಲ್ಲಿ 21 ಕ್ವಿಂಟಲ್‌ಗೂ ಹೆಚ್ಚು ಬೇಕು. ಅಸಲು ಹಾಗೆಯೇ ನಿಂತಿರುತ್ತದೆ. ಉದ್ರಿ ಕೊಟ್ಟವರಿಗೇ ಮಾಲು ಹಾಕಬೇಕಾದಾಗ, ದರ ಏರುವವರೆಗೆ ಕಾಯುವ ಮಾತೇ ಇಲ್ಲ.

ವಿಮೆಯ ಮಾತು. ಇಳುವರಿಯ ನಷ್ಟವನ್ನು ಗ್ರಾಮ ಪಂಚಾಯಿತಿಯ ಸರಾಸರಿಯಿಂದ ಅಳೆಯುತ್ತಾರೆ. ಒಬ್ಬನ ಕೊಳವೆಬಾವಿ ಬತ್ತಿ ಅವನ ಹೊಲವಷ್ಟೇ ಒಣಗಿದರೆ ವಿಮೆಯ ಲೆಕ್ಕಕ್ಕೆ ಅದು ನಷ್ಟವೇ ಅಲ್ಲ.

ಕುಡಿತವಿಲ್ಲ ಎಂದು ನಾನು ವಾದಿಸುವುದಿಲ್ಲ. ರಾಜ್ಯದ ರೈತರ ಆತ್ಮಹತ್ಯೆಗಳನ್ನು ಅಧ್ಯಯನ ಮಾಡಿದ ಪ್ರೊ. ಜಿ.ಕೆ. ವೀರೇಶ್ ಸಮಿತಿಯ 2002ರ ವರದಿಯೂ ಅದರತ್ತ ಬೊಟ್ಟು ಮಾಡಿತ್ತು. ಯಾವ ಆತ್ಮಹತ್ಯೆಗೂ ಒಂದೇ ಕಾರಣ ಇರುವುದಿಲ್ಲ. ಆದರೆ ತಿಂಗಳ ಸಂಬಳ ಬರುವ ಮನೆಯಲ್ಲಿ ಕುಡಿತವಿದ್ದರೂ, ಆ ಸಂಬಳವನ್ನು ಮಳೆ ನಿರ್ಧರಿಸುವುದಿಲ್ಲ. ಪರಿಹಾರದ ಆಸೆಗೆ ಸಾಯುತ್ತಾರೆ ಎಂಬ ಮಾತಂತೂ ನನ್ನನ್ನು ಬಹಳ ನೋಯಿಸಿತು. ಸತ್ತ ರೈತನ ಕುಟುಂಬಕ್ಕೆ ಸರ್ಕಾರ ಕೊಡುವ 5 ಲಕ್ಷ ರೂಪಾಯಿ ಪರಿಹಾರ ಸಿಗಬೇಕಾದರೆ ಉಪವಿಭಾಗಾಧಿಕಾರಿಯ ಸಮಿತಿ ಪಹಣಿ, ಸಾಲದ ದಾಖಲೆ ನೋಡುತ್ತದೆ. ಬಾಯಿಮಾತಿನ ಲಾವಣಿಗೆ, ಕೈಸಾಲಕ್ಕೆ ದಾಖಲೆಯನ್ನು ಸತ್ತವನ ಹೆಂಡತಿ ಎಲ್ಲಿಂದ ತರಬೇಕು? ಸತ್ತವಳು ಹೆಂಗಸಾದರೆ, ಜಮೀನು ಗಂಡನ ಅಥವಾ ಮಾವನ ಹೆಸರಿನಲ್ಲಿರುವುದರಿಂದ ಅವಳು ರೈತಳೆಂದು ಸಾಬೀತು ಮಾಡುವುದೇ ಕಷ್ಟ. 2022ರಲ್ಲಿ ದೇಶದಲ್ಲಿ ಕೃಷಿ ಅವಲಂಬಿತರಾದ 11,290 ಜನ ಆತ್ಮಹತ್ಯೆಯಿಂದ ಸತ್ತರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಅವರಲ್ಲಿ ಕರ್ನಾಟಕದವರು 2,392. ದೇಶದ ಆ ಲೆಕ್ಕದಲ್ಲಿ ಸಾಗುವಳಿದಾರರಿಗಿಂತ ಕೃಷಿ ಕೂಲಿಕಾರರೇ ಹೆಚ್ಚು. ಸಾಲ ಮನ್ನಾ ಅವರನ್ನು ಮುಟ್ಟುವುದೇ ಇಲ್ಲ.

ಇನ್ನು ನಿಮ್ಮ ಪಕ್ಕದ ಮನೆಯ ವಿಷಯ. ದಯವಿಟ್ಟು ಇವತ್ತೇ ಹೋಗಿ. ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಲ ಕೊಟ್ಟವರು ಮನೆ ಮುಂದೆ ನಿಂತು ಅವಮಾನಿಸುತ್ತಿದ್ದರೆ, ಪರವಾನಗಿ ಇಲ್ಲದ ಲೇವಾದೇವಿದಾರರ ಕಿರುಕುಳದ ವಿರುದ್ಧ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಬಂದ ಕಾನೂನಿದೆ. ಠಾಣೆಗೆ ಅವನೊಡನೆ ನೀವೂ ಹೋದರೆ ದೂರಿಗೆ ತೂಕ ಬರುತ್ತದೆ. ಮನಸ್ಸು ಸ್ವಲ್ಪ ಹಗುರಾದ ಮೇಲೆ ಜೊತೆಗೆ ಕುಳಿತು ಯಾರಿಗೆ ಎಷ್ಟು, ಯಾವುದಕ್ಕೆ ಎಷ್ಟು ಬಡ್ಡಿ, ಯಾರು ಒಂದು ಸುಗ್ಗಿ ತಡೆದಾರು ಎಂದು ಬರೆಯಿರಿ. ಆ ಕೆಲಸ ನಿಮ್ಮಷ್ಟು ಚೆನ್ನಾಗಿ ಬಲ್ಲವರು ನಿಮ್ಮೂರಿನಲ್ಲಿ ಇನ್ನೊಬ್ಬರಿರಲಾರರು.

- ಸಂಪಾದಕ